ಪತ್ರೆಯ ಪಾಲುದಾರರು

ವಿದ್ಯೆಗೂ ದಯೆಗೂ ಸಂಬಂಧವುಂಟೆ ಎಂಬ ಪ್ರಶ್ನೆ ಹಳೆಯದು. ಓದುಬರೆಹ ಬಲ್ಲವನು ದಯಾವಂತನಾಗಿಯೇ ತೀರುವನೆಂದು ಹೇಳುವಂತಿಲ್ಲ. ಅಕ್ಷರವನ್ನರಿಯದವನು ನಿರ್ದಯನೆಂದು ಬಗೆಯುವಂತೆಯೂ ಇಲ್ಲ. ಹೀಗಿದ್ದರೂ ಇವೆರಡೂ ಒಂದೇ ಸೂರಿನ ಕೆಳಗೆ ಬಾಳಬೇಕೆಂದು ನಂಬಿ ನಡೆದ ಹಿರಿಯರು ಕನ್ನಡನಾಡಿನಲ್ಲಿ ಆಗಿಹೋಗಿದ್ದಾರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವು ಇದಕ್ಕೆ ಸಾಕ್ಷಿಯಾಗಿದೆ.

ಆ ಮಠವು ಕಾಳಾಮುಖ ಶೈವರದು. ಕ್ರಿ. ಶ. 1162ನೆಯ ಇಸವಿಯ ಶಾಸನವೊಂದು ಅದನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳ ಪಾಠ ನಡೆಯುತ್ತಿತ್ತು. ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣಗಳೂ ದರ್ಶನಗಳೂ ಪುರಾಣಗಳೂ ಅಭ್ಯಾಸವಾಗುತ್ತಿದ್ದುವು. ಅದೇ ಮಠದಲ್ಲಿ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಈ ಪಟ್ಟಿಯಲ್ಲಿ ಶಾಸನವು ಇನ್ನೊಂದು ಮಾತನ್ನೂ ಸೇರಿಸುತ್ತದೆ: ಆ ಮಠವು ಸಮಸ್ತ ಜೀವಿಗಳಿಗೂ ಅಭಯದ ತಾಣವಾಗಿತ್ತಂತೆ. ಕಲ್ಯಾಣದಲ್ಲಿ ಶರಣರು ಕೂಡಿದ ಕಾಲವೂ ಹೆಚ್ಚುಕಡಿಮೆ ಅದೇ ಆಗಿದೆ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪರಂಪರೆ ಹೇಳುವ ಊರೂ ಅದೇ ಬಳ್ಳಿಗಾವೆ. ಅಲ್ಲಿಗೆ ದೂರವಲ್ಲದ ಉಡುತಡಿಯು ಅಕ್ಕಮಹಾದೇವಿಯ ತವರು.

ವ್ಯಾಕರಣವನ್ನು ಕಲಿಸುವ ತಾಣವೇ ಜೀವಿಗಳಿಗೆ ಅಭಯ ನೀಡುವ ತಾಣವೂ ಆಗಿರಬೇಕೆಂಬ ಈ ಭಾವನೆಯನ್ನು ಇಂದಿನ ಶಾಲೆಗಳ ಅಂಗಳದಲ್ಲಿ ನಿಲ್ಲಿಸಿ ನೋಡಬೇಕಾಗಿದೆ. ಪರಿಸರದ ತಿಳಿವಳಿಕೆಯು ಪ್ರತಿಯೊಂದು ಶಾಲೆಯಲ್ಲಿಯೂ ಕಡ್ಡಾಯವಾಗಿರಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ವಿಧಿಸಿತು. 2003ರಲ್ಲಿ ಅದನ್ನು ಮತ್ತೆ ದೃಢಪಡಿಸಿತು. ಪಠ್ಯಪುಸ್ತಕಗಳಲ್ಲಿ ಪಾಠಗಳಿವೆ, ಚಿತ್ರಗಳಿವೆ, ಪ್ರಶ್ನೆಗಳಿವೆ. ಪರಾಗಸ್ಪರ್ಶವೆಂದರೇನೆಂದು ಕೇಳಿದರೆ ಶಿಕಾರಿಪುರದ ಬಾಲಕನೂ ಸೊರಬದ ಬಾಲಕಿಯೂ ತಡವರಿಸದೆ ಉತ್ತರಿಸುತ್ತಾರೆ. ದಾಸವಾಳದ ಹೂವಿನ ಚಿತ್ರವನ್ನು ಬರೆದು, ಕೇಸರ, ಶಲಾಕೆ, ಅಂಡಾಶಯಗಳನ್ನು ಗುರುತಿಸುತ್ತಾರೆ. ಆದರೆ ತೋಟಗಳಲ್ಲಿ ಬೆಳೆಸುವ ಆ ದಾಸವಾಳವು ಬೀಜ ಕಟ್ಟುವುದೇ ಅಪೂರ್ವ. ಶಾಲೆಯ ಬೇಲಿಯ ಬುಡದಲ್ಲಿ ಅರಳಿ, ಜೇನ್ನೊಣಕ್ಕೆ ಮಧುವನ್ನಿತ್ತು, ಬೀಜ ಕಟ್ಟಿ, ಮರುವರ್ಷದ ಮಳೆಗೆ ಮತ್ತೆ ಚಿಗುರುವ ತುಂಬೆಯ ಹೆಸರನ್ನು ಕೇಳಿದರೆ ಅದೇ ಮಕ್ಕಳು ಮೌನ ತಾಳುವುದುಂಟು. ಹೆಸರಿಲ್ಲದ ಗಿಡವು ಕಳೆಯಾಗುವುದು. ಕಳೆಯಾದ ಗಿಡವನ್ನು ಕೀಳುವುದಕ್ಕೆ ಮನಸ್ಸು ಅಳುಕದು.

ಇಲ್ಲಿರುವ ಧರ್ಮಪ್ರಶ್ನೆಯನ್ನು ಒಂದು ಸಾಮಾನ್ಯವಾದ ಉದಾಹರಣೆಯಿಂದ ವಿಚಾರಮಾಡಬಹುದು. ಮಠದ ಹಿತ್ತಿಲಲ್ಲಾಗಲಿ, ಶಾಲೆಯ ಅಂಗಳದಲ್ಲಾಗಲಿ ಒಂದು ಬಿಲ್ವದ ಗಿಡವಿದೆಯೆನ್ನೋಣ. ಮಳೆ ಬಿದ್ದು ಚಿಗುರೊಡೆದಾಗ ನಿಂಬೆಚಿಟ್ಟೆಯೆಂದು ಕರೆಯಲ್ಪಡುವ ಕಪ್ಪುಹಳದಿಯ ಚಿಟ್ಟೆಯೊಂದು ಬಂದು ಎಳೆಯೆಲೆಗಳ ಮೇಲೆ ಒಂದೊಂದಾಗಿ ತತ್ತಿಯಿಡುತ್ತದೆ. ತತ್ತಿಯೊಡೆದು ಬಂದ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ತೋರಿ ಶತ್ರುಗಳ ಕಣ್ಣಿಗೆ ಮಣ್ಣೆರಚುತ್ತದೆ; ಬೆಳೆದಂತೆ ಎಲೆಯ ಹಸುರನ್ನೇ ತಾಳುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಹೊರಚಾಚಿ ಘಾಟುವಾಸನೆಯನ್ನು ಬೀರುತ್ತದೆ. ಎರಡು ಮೂರು ವಾರಗಳ ಕಾಲ ಅದಕ್ಕೆ ಬಿಲ್ವದ ಎಲೆಯೇ ಆಹಾರ. ಬಿಲ್ವ, ನಿಂಬೆ, ಕರಿಬೇವುಗಳ ಕುಲದ ಗಿಡವಲ್ಲದೆ ಬೇರೆ ಎಲೆಯನ್ನು ಅದು ಸಾಮಾನ್ಯವಾಗಿ ಒಲ್ಲದು.

ಮುಂಜಾನೆ ಪತ್ರೆ ಕೊಯ್ಯಲು ಬಂದ ಭಕ್ತನು ಇದನ್ನು ಕಾಣುತ್ತಾನೆ. ಲಿಂಗಪೂಜೆಗೆಂದು ಕಾಪಾಡಿದ ಪತ್ರೆಯು ತೂತುಬಿದ್ದಿದೆ, ತುದಿ ಮುರಿದಿದೆ, ಕೆಲವು ರೆಂಬೆಗಳು ಬೋಳಾಗಿವೆ. ಆತನ ಮುಂದೆ ಎರಡು ದಾರಿಗಳಿವೆ. ಔಷಧಿ ಸಿಂಪಡಿಸಿ ಹುಳುವನ್ನು ಕೊಲ್ಲಬಹುದು. ಇಲ್ಲವೆ ಅದಕ್ಕೊಂದು ರೆಂಬೆಯನ್ನು ಬಿಟ್ಟು ಮಿಕ್ಕುದನ್ನು ಕೊಯ್ಯಬಹುದು. ಅಂಗಳದಲ್ಲಿ ನಿಂತ ಮಕ್ಕಳು ಅವನ ಕೈಯನ್ನೇ ನೋಡುತ್ತಿರುತ್ತಾರೆ. ದಯೆಯ ಪಾಠವು ಅವರಿಗೆ ಆಗುವುದು ಆ ಕ್ಷಣದಲ್ಲಿಯೇ.

ಪತ್ರೆಯು ಲಿಂಗಕ್ಕೆ ಸಲ್ಲುವಂಥದು, ಅದನ್ನು ಹುಳುವಿಗೆ ಬಿಡುವುದು ಹೇಗೆ ಎಂಬ ಶಂಕೆ ಶ್ರದ್ಧಾವಂತನಲ್ಲಿ ಹುಟ್ಟುವುದು ಸಹಜ. ಇದನ್ನು ಹಗುರಾಗಿ ಕಾಣಬಾರದು. ಆದರೆ ಪತ್ರೆ ಲಿಂಗದ್ದೆಂದು ಒಪ್ಪಿದವನು ಹುಳುವೂ ಲಿಂಗದ್ದೆಂಬುದನ್ನು ಒಪ್ಪಲೇಬೇಕಾಗುತ್ತದೆ. ವೀರಶೈವ ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲವು ಕಲಿಸುವ ವಿವೇಕವಾದರೂ ಇದೇ. ಪದಾರ್ಥವು ಅರ್ಪಿತವಾದಾಗ ಪ್ರಸಾದವಾಗುವುದು. ‘ನನ್ನದು’ ಎಂಬ ಭಾವ ಅಳಿಯದೆ ಅರ್ಪಣೆಯೇ ನಡೆಯದು. ಗಿಡ ನನ್ನದು, ಎಲೆ ನನ್ನದು, ಅದನ್ನು ನಾನು ಲಿಂಗಕ್ಕೆ ಕೊಡುತ್ತೇನೆ, ಹುಳುವಿಗೆ ಕೊಡೆನು ಎನ್ನುವವನ ಕೈಯಲ್ಲಿ ಪತ್ರೆಯಿದೆ, ಅರ್ಪಣೆಯಿಲ್ಲ. ಬಸವಣ್ಣನವರು ದಯೆಯನ್ನು ಧರ್ಮದ ಬೇರಿನಲ್ಲಿಯೇ ಇರಿಸಿದರು. ಆ ದಯೆಗೆ ಮನುಷ್ಯಕುಲವೆಂಬ ಎಲ್ಲೆಯನ್ನು ಅವರು ಕಟ್ಟಲಿಲ್ಲ.

ಇಲ್ಲಿ ದಾನ ಮತ್ತು ದಾಸೋಹಗಳ ಭೇದವನ್ನೂ ಮನಗಾಣಬೇಕು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಈ ಮೇಲುಕೀಳು ಇಲ್ಲ. ಬಂದುದು ತನ್ನದಲ್ಲವೆಂದರಿತು ಸಲ್ಲಬೇಕಾದಲ್ಲಿಗೆ ಸಲ್ಲಿಸುವುದಷ್ಟೆ. ಮರಿಹುಳುವಿಗೆ ಒಂದು ರೆಂಬೆಯನ್ನು ಬಿಡುವುದು ಉದಾರತೆಯ ಮಾತಾದರೆ ಅದು ದಾನ. ಅದರ ಪಾಲು ಅದಕ್ಕೆ ಸೇರಿತೆಂಬ ಅರಿವಾದರೆ ಅದು ದಾಸೋಹ. ಆದುದರಿಂದ ‘ಜೇನ್ನೊಣವನ್ನು ನಾವು ಕಾಪಾಡುತ್ತೇವೆ’ ಎಂಬ ಘೋಷಣೆಯನ್ನು ಮಕ್ಕಳ ಬಾಯಿಗೆ ಹಾಕುವುದಕ್ಕಿಂತ, ‘ಜೇನ್ನೊಣದ ಪಾಲನ್ನು ನಾವು ಕಸಿಯುವುದಿಲ್ಲ’ ಎಂಬ ನಡತೆಯನ್ನು ಅವರ ಕೈಗೆ ಕಲಿಸುವುದು ಮೇಲು.

ಬಿಲ್ವದಂತೆಯೇ ಪೂಜೆಗೆ ಸಲ್ಲುವ ಇನ್ನೆರಡು ಗಿಡಗಳನ್ನು ನೋಡಬಹುದು. ತುಂಬೆಯು ಶಿವನಿಗೆ ಪ್ರಿಯವಾದುದೆಂದು ಭಕ್ತರ ನಂಬುಗೆ. ಅಂಗೈಯಗಲದ ನೆಲ ಸಿಕ್ಕಿದರೆ ಬೆಳೆಯುವ ಈ ಪುಟ್ಟ ಗಿಡದ ಬಿಳಿಯ ಹೂವನ್ನು ಕಿತ್ತು ಬುಡವನ್ನು ಚೀಪಿ ಸಿಹಿಯನ್ನು ಸವಿಯದ ಹಳ್ಳಿಯ ಮಗು ಒಂದು ಕಾಲಕ್ಕೆ ಇರಲಿಲ್ಲ. ಆ ಸಿಹಿಗಾಗಿಯೇ ತುಡುವೆಜೇನು, ಕೋಲುಜೇನು, ಸಣ್ಣ ಚಿಟ್ಟೆಗಳು ಅಲ್ಲಿ ನೆರೆಯುತ್ತವೆ. ಎಕ್ಕದ ಗಿಡವನ್ನು ದನವೂ ಮೂಸುವುದಿಲ್ಲ. ಆದರೆ ಅದರ ಹಾಲು ತುಂಬಿದ ಎಲೆಯನ್ನೇ ತಿಂದು ಬೆಳೆಯುವ ಚಿಟ್ಟೆಯ ಮರಿಗಳುಂಟು. ಒಣಮರವನ್ನು ಕೊರೆದು ಮನೆಮಾಡುವ ಕಪ್ಪು ದುಂಬಿಯು ಎಕ್ಕದ ಗಟ್ಟಿಯಾದ ಹೂವಿನ ಮೇಲೆ ಕುಳಿತು ಪರಾಗವನ್ನು ಸಾಗಿಸುತ್ತದೆ. ಜನರು ಪೂಜೆಗಷ್ಟೇ ಸಾಕೆಂದು ಉಳಿಸಿಕೊಂಡ ಗಿಡಗಳು ಹೀಗೆ ಹಲವು ಜೀವಗಳ ಅನ್ನಛತ್ರಗಳಾಗಿವೆ. ಬದುವಿನ ಮೇಲೆ ಕಳೆನಾಶಕವನ್ನು ಸಿಂಪಡಿಸಿದ ದಿನ ಮೊದಲು ಸಾಯುವುವುಗಳಲ್ಲಿ ತುಂಬೆಯೂ ಒಂದು. ಅಂದಿಗೆ ಭಕ್ತನ ಹೂವೂ ಹೋಯಿತು, ಜೇನಿನ ಊಟವೂ ಹೋಯಿತು.

ಅದರೊಡನೆ ಮೂರನೆಯದೂ ಒಂದು ಹೋಗುವುದುಂಟು, ಅದು ಮಾತು. ಉಡುತಡಿಯ ಅಕ್ಕನು ತನ್ನ ಒಡೆಯನನ್ನರಸಿ ಹೊರಟಾಗ ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ನಿಲ್ಲಿಸಿ ವಿಚಾರಿಸಿದಳೆಂಬುದನ್ನು ವಚನಸಾಹಿತ್ಯವನ್ನು ಬಲ್ಲವರೆಲ್ಲರೂ ಅರಿತಿದ್ದಾರೆ. ಆಕೆಯ ಅಂಕಿತದಲ್ಲಿಯೇ ಮಲ್ಲಿಗೆಯಿದೆ. ವಚನಗಳಲ್ಲಿ ದುಂಬಿಯು ಉಪಮೆಯಾಗಿ ಬರುವುದಕ್ಕೆ ಮೊದಲು ಅಂಗಳದಲ್ಲಿ ಜೀವಿಯಾಗಿ ಹಾರಾಡುತ್ತಿತ್ತು. ದುಂಬಿಯನ್ನೇ ಕಾಣದ ಮಗುವಿಗೆ ದುಂಬಿಯ ಉಪಮೆಯನ್ನು ವಿವರಿಸಬೇಕಾದ ಗುರುವಿನ ಪಾಡೇನು? ಕಂಠಪಾಠ ಮಾಡಿದ ವಚನವು ಆ ಮಗುವಿನ ನಾಲಗೆಯ ಮೇಲೆ ಉಳಿದೀತು. ಎದೆಗೆ ಇಳಿಯುವುದು ಕಷ್ಟ. ವಚನಗಳ ತಾಳೆಗರಿಗಳನ್ನು ಹುಡುಕಿ, ಸೋಸಿ, ಅಚ್ಚುಹಾಕಿಸಿ ಉಳಿಸಿದ ಫ. ಗು. ಹಳಕಟ್ಟಿಯವರಂಥ ಮಹನೀಯರ ಪರಿಶ್ರಮವನ್ನು ನೆನೆಯುವ ಸಮಾಜವು, ಆ ವಚನಗಳು ಹೆಸರಿಸಿದ ಗಿಡಬಳ್ಳಿಗಳನ್ನು ಅಳಿಯಲು ಬಿಟ್ಟರೆ ಅರ್ಧವನ್ನು ಮಾತ್ರ ಉಳಿಸಿದಂತಾಗುವುದು.

ಇನ್ನು ಉಪಯೋಗದ ವಾದವನ್ನು ಪರಿಶೀಲಿಸಬೇಕು. ಜೇನಿಲ್ಲದಿದ್ದರೆ ಬೆಳೆಯಿಲ್ಲ, ಬೆಳೆಯಿಲ್ಲದಿದ್ದರೆ ಮನುಷ್ಯನಿಲ್ಲ, ಆದುದರಿಂದ ಜೇನನ್ನು ಉಳಿಸಿರಿ ಎಂದು ಶಾಲೆಗಳಲ್ಲಿ ಹೇಳಿಕೊಡುವುದು ವಾಡಿಕೆ. ಈ ವಾದದಲ್ಲಿ ನಿಜಾಂಶವಿದೆ. ಜಗತ್ತಿನ ಮುಖ್ಯ ಆಹಾರದ ಬೆಳೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿನವು ಅಷ್ಟಿಷ್ಟಾದರೂ ಪ್ರಾಣಿಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆಯೆಂದು 2016ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಸಿದ್ಧಪಡಿಸಿದ ವರದಿಯು ಸಾರಿತು. ಆದರೆ ಶಿಕಾರಿಪುರದ ಒಕ್ಕಲಿಗನೊಬ್ಬನು ಇದಕ್ಕೆ ಮರುಪ್ರಶ್ನೆ ಹಾಕಿದರೆ ಉತ್ತರವೇನು? ‘ನನ್ನ ಗದ್ದೆಯ ಭತ್ತ ತನ್ನಷ್ಟಕ್ಕೆ ತಾನೇ ಕಾಳು ಕಟ್ಟುತ್ತದೆ. ನನ್ನ ಹೊಲದ ಮೆಕ್ಕೆಜೋಳಕ್ಕೆ ಗಾಳಿಯೇ ಸಾಕು. ನನ್ನ ತೋಟದ ಅಡಿಕೆಯ ಪರಾಗವನ್ನೂ ಬಹುಮಟ್ಟಿಗೆ ಗಾಳಿಯೇ ಒಯ್ಯುತ್ತದೆ. ಜೇನಿನಿಂದ ನನಗಾಗುವುದೇನು?’ ಎಂದು ಆತನು ಕೇಳಬಹುದು. ಆತನ ಮಾತು ಸಸ್ಯಶಾಸ್ತ್ರಕ್ಕೆ ವಿರುದ್ಧವಾದುದಲ್ಲ. ಈ ಸೀಮೆಯ ಹಣದ ಬೆಳೆಗಳನ್ನು ಮುಂದಿಟ್ಟುಕೊಂಡು ಜೇನಿನ ಪರವಾಗಿ ವಾದಿಸಹೊರಟ ಉಪಾಧ್ಯಾಯನು ಮೊದಲನೆಯ ಪ್ರಶ್ನೆಗೇ ನಿರುತ್ತರನಾಗುವನು.

ಆ ಒಕ್ಕಲಿಗನ ಮನೆಯ ಹಿತ್ತಿಲಿಗೆ ಬಂದರೆ ಲೆಕ್ಕ ಬೇರೆಯಾಗುವುದು ನಿಶ್ಚಯ. ಕುಂಬಳ, ಹೀರೆ, ಹಾಗಲ, ಸೌತೆಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ನಡುವೆ ನೊಣದ ಓಡಾಟವಿಲ್ಲದಿದ್ದರೆ ಮಿಡಿಯು ಕೊಳೆತು ಬೀಳುತ್ತದೆ. ಹುಚ್ಚೆಳ್ಳು, ಸಾಸಿವೆ, ಮಾವು, ನೇರಿಳೆಗಳು ಕೂಡ ಈ ಋಣದಲ್ಲಿರುವುವು. ಮನೆಯ ಹೆಂಗಸರು ಬೆಳೆಸುವ ತರಕಾರಿಯು ಪೇಟೆಯ ಲೆಕ್ಕದಲ್ಲಿ ಬಾರದಿದ್ದುದರಿಂದ ಈ ಋಣವೂ ಲೆಕ್ಕಕ್ಕೆ ಬಾರದೆ ಹೋಯಿತು. ಆದರೂ ಉಪಯೋಗವನ್ನೇ ಆಧಾರವಾಗಿ ಹಿಡಿದ ದಯೆಯು ಉಪಯೋಗವು ಮುಗಿದಲ್ಲಿ ತಾನೂ ಮುಗಿಯುತ್ತದೆ. ಹಾಲು ಬತ್ತಿದ ಹಸುವನ್ನು ಕಟುಕನಿಗೆ ಮಾರುವವನ ತರ್ಕಕ್ಕೂ ಇದಕ್ಕೂ ಭೇದವಿಲ್ಲ. ಮೊದಲು ಪಾಲನ್ನು ಒಪ್ಪುವುದು, ಆಮೇಲೆ ಉಪಕಾರವನ್ನು ನೆನೆಯುವುದು ಶರಣಧರ್ಮದ ಕ್ರಮ. ಉಪಕಾರವನ್ನು ಕಂಡು ಕೃತಜ್ಞನಾಗುವುದು ಒಳ್ಳೆಯದೇ. ಉಪಕಾರವಿದ್ದರೆ ಮಾತ್ರ ಬದುಕಗೊಡುವೆನೆನ್ನುವುದು ವ್ಯಾಪಾರ.

ಹೂವಿಗೂ ಕೀಟಕ್ಕೂ ಇರುವ ನಂಟು ಎಂಥದೆಂಬುದನ್ನು ವೆನಿಲಾ ಬಳ್ಳಿಯು ಮಲೆನಾಡಿಗೆ ಕಲಿಸಿಹೋಗಿದೆ. ಅದು ಮೆಕ್ಸಿಕೋ ದೇಶದ ಬಳ್ಳಿ. ತವರಿನ ಕೀಟವು ಜೊತೆಯಲ್ಲಿ ಬಾರದಿದ್ದುದರಿಂದ ಬೇರೆ ನಾಡುಗಳಲ್ಲಿ ಅದು ಹೂಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಹಿಂದೂಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಸಣ್ಣ ಕಡ್ಡಿಯಿಂದ ಹೂವಿನೊಳಗಿನ ಪರೆಯನ್ನು ಸರಿಸಿ ಪರಾಗವನ್ನು ಸೇರಿಸುವ ಉಪಾಯವನ್ನು ಕಂಡುಹಿಡಿದನು. 2000ದ ನಂತರದ ಕೆಲವು ವರ್ಷ ವೆನಿಲಾದ ಬೆಲೆ ಏರಿದಾಗ ಮಲೆನಾಡಿನ ಅನೇಕ ತೋಟಗಳಲ್ಲಿ ಮನೆಮಂದಿಯೆಲ್ಲ ಮುಂಜಾನೆಯೆದ್ದು, ಒಂದೊಂದು ಹೂವಿಗೂ ಕೈಯಿಂದಲೇ ಈ ಕೆಲಸವನ್ನು ಮಾಡಬೇಕಾಯಿತು. ಒಂದು ಸಣ್ಣ ಕೀಟದ ಕಾಯಕವನ್ನು ಮನುಷ್ಯನು ವಹಿಸಿಕೊಂಡರೆ ಎಷ್ಟು ಬೆರಳುಗಳು, ಎಷ್ಟು ಗಳಿಗೆಗಳು ಬೇಕೆಂಬುದನ್ನು ಆ ಮನೆಗಳವರು ಬಲ್ಲರು. ಬೆಲೆ ಬಿದ್ದಮೇಲೆ ಹಲವರು ಬಳ್ಳಿಯನ್ನು ಕೈಬಿಟ್ಟರು. ಜೇನಿಗೆ ಬೆಲೆಯ ಏರಿಳಿತ ತಿಳಿಯದು. ತುಂಬೆಯ ಬಳಿಗೆ ಅದು ಎಂದಿನಂತೆ ಬರುತ್ತಲೇ ಇತ್ತು.

ಇಲ್ಲಿ ಸೂಕ್ಷ್ಮಮತಿಗಳು ಇನ್ನೊಂದು ಆಕ್ಷೇಪವನ್ನು ತರಬಹುದು. ಹುಟ್ಟನ್ನು ನೋಡಿ ಮೇಲುಕೀಳೆಣಿಸಬಾರದೆಂಬುದು ಶರಣಧರ್ಮದ ತಿರುಳು. ಹೀಗಿರಲು ದೇಶೀಯ ಗಿಡ, ಪರದೇಶದ ಗಿಡ ಎಂದು ಮಕ್ಕಳಿಗೆ ಭೇದವನ್ನು ಕಲಿಸುವುದು ಆ ತತ್ತ್ವಕ್ಕೆ ವಿರೋಧವಾಗದೆ? ಪ್ರಶ್ನೆ ಯೋಗ್ಯವಾದುದು. ಉತ್ತರವೂ ಶರಣರ ಮಾರ್ಗದಲ್ಲಿಯೇ ಇದೆ. ಅವರು ಹುಟ್ಟನ್ನು ಬಿಟ್ಟರು, ನಡತೆಯನ್ನು ಬಿಡಲಿಲ್ಲ. ಮೆಣಸಿನಕಾಯಿಯೂ ಮೆಕ್ಕೆಜೋಳವೂ ಗೇರುಮರವೂ ಕಡಲಾಚೆಯಿಂದ ಬಂದುವೇ. ಅವು ಬೆಳೆದ ಮಾತ್ರಕ್ಕೆ ನೆರೆಯ ಗಿಡಗಳು ತಾವಾಗಿಯೇ ಅಳಿಯಲಿಲ್ಲ. ಲಂಟಾನದ ನಡತೆ ಬೇರೆ. ಅದರ ಹೂವಿನಲ್ಲಿ ಮಧುವಿದೆ, ಚಿಟ್ಟೆಗಳೂ ಬರುತ್ತವೆ. ಆದರೆ ಈ ನಾಡಿನ ಚಿಟ್ಟೆಗಳ ಮರಿಗಳು ಸಾಮಾನ್ಯವಾಗಿ ಅದರ ಎಲೆಯನ್ನು ಉಣ್ಣಲಾರವು. ಪೊದೆ ಹಬ್ಬಿದಲ್ಲೆಲ್ಲ ಮರಿಗಳನ್ನು ಸಾಕುವ ಗಿಡಗಳಿಗೆ ಎಡೆಯಿಲ್ಲದಾಗುತ್ತದೆ. ಅಲ್ಲಿ ಊಟದ ಎಲೆಯಿದೆ, ತೊಟ್ಟಿಲಿಲ್ಲ. ಕರ್ನಾಟಕವು ತನ್ನ ರಾಜ್ಯಚಿಟ್ಟೆಯೆಂದು ಆರಿಸಿದ ದೊಡ್ಡ ಚಿಟ್ಟೆಯ ಮರಿಗೆ ಈಶ್ವರಿ ಬಳ್ಳಿಯೂ ಅದರ ಒಳಕುಲದವುಗಳೂ ಬೇಕು. ನೂರು ಬಗೆಯ ಅಂದದ ಹೂಗಳನ್ನು ನೆಟ್ಟರೂ ಆ ಬಳ್ಳಿಯಿಲ್ಲದೆ ಆ ಚಿಟ್ಟೆಯ ಸಂತತಿ ಬೆಳೆಯದು. ಆದುದರಿಂದ ಗಿಡವು ಎಲ್ಲಿಂದ ಬಂದಿತೆಂದು ಕೇಳುವುದರ ಜೊತೆಗೆ, ತನ್ನ ನೆರೆಯವರಿಗೆ ಅದು ಎಡೆಗೊಡುವುದೋ ಇಲ್ಲವೋ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಬೇಕು. ಆ ಪ್ರಶ್ನೆಯನ್ನು ಗಿಡಕ್ಕೆ ಕೇಳಬಲ್ಲ ಬಾಲಕನು ಮುಂದೊಂದು ದಿನ ಅದನ್ನು ತನಗೂ ಕೇಳಿಕೊಂಡಾನು.

ಬೇಸಾಯವೆಂಬುದೇ ಹಿಂಸೆಯಿಲ್ಲದೆ ನಡೆಯದು, ಉಳುವಾಗಲೂ ಹುಳು ಸಾಯುತ್ತದೆ, ಗೃಹಸ್ಥನು ಇದನ್ನೆಲ್ಲ ನೋಡುತ್ತ ಕುಳಿತರೆ ಸಂಸಾರ ಸಾಗುವುದೆಂತು ಎಂಬ ಮಾತೂ ಕೇಳಿಬರುತ್ತದೆ. ಶರಣರು ಸಂಸಾರವನ್ನು ತೊರೆದು ಓಡಿದವರಲ್ಲ. ಒಕ್ಕಲುತನವನ್ನೇ ಕಾಯಕವಾಗಿ ಕೈಕೊಂಡ ಒಕ್ಕಲಿಗ ಮುದ್ದಣ್ಣನಂಥವರು ಅವರ ನಡುವೆ ಇದ್ದರು. ಬೆವರಿಳಿಸಿ ದುಡಿಯುವವನಿಗೆ ಅಸಾಧ್ಯವಾದ ಅಹಿಂಸೆಯನ್ನು ಬೋಧಿಸಿ ಅವನಲ್ಲಿ ಪಾಪಭೀತಿಯನ್ನು ಹುಟ್ಟಿಸುವುದು ಧರ್ಮದ ಕೆಲಸವಲ್ಲ. ಆದರೆ ಬೇಕಾದುದಕ್ಕೂ ಬೇಡವಾದುದಕ್ಕೂ ಅಂತರವುಂಟು. ಹೂಬಿಟ್ಟ ಬೆಳೆಗೆ ನಡುಹಗಲಿನಲ್ಲಿ ವಿಷ ಸಿಂಪಡಿಸಿದರೆ ಮಧುವಿಗಾಗಿ ಬಂದ ನೊಣಗಳೆಲ್ಲ ಸಾಯುತ್ತವೆ; ಹೂವು ಕಳೆದ ಮೇಲೆ, ಇಲ್ಲವೆ ನೊಣಗಳು ಗೂಡು ಸೇರಿದ ಸಂಜೆಯಲ್ಲಿ, ಅನಿವಾರ್ಯವಾದಷ್ಟನ್ನೇ ಸಿಂಪಡಿಸಿದರೆ ಬಹಳಷ್ಟು ಉಳಿಯುತ್ತವೆ. ಬೀಜಕ್ಕೆ ಲೇಪಿಸುವ ಕೆಲವು ವಿಷಗಳು ಗಿಡದ ರಸದೊಡನೆ ಏರಿ ಹೂವಿನ ಪರಾಗವನ್ನೂ ಸೇರುತ್ತವೆ. ಅಂಥ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಎಂಬ ಮೂರನ್ನು ಯೂರೋಪಿನ ಒಕ್ಕೂಟವು 2018ರಲ್ಲಿ ಬಯಲು ಬೇಸಾಯಕ್ಕೆ ನಿಷೇಧಿಸಿತು. ಹೆಜ್ಜೇನಿನ ತಟ್ಟಿಗೆ ಬೆಂಕಿಯ ಸೂಡಿ ಹಿಡಿದು ಮರಿಸಮೇತ ಸುಡುವುದು ಒಂದು ಬಗೆ. ತುಪ್ಪವಿರುವ ಭಾಗವನ್ನಷ್ಟೇ ತೆಗೆದುಕೊಂಡು ಮರಿಗಳ ತಟ್ಟನ್ನು ಉಳಿಸುವುದು ಇನ್ನೊಂದು ಬಗೆ. ತುಪ್ಪ ಎರಡರಲ್ಲಿಯೂ ಸಿಗುವುದು. ಭೇದವಿರುವುದು ಕೊಯ್ಯುವವನ ಮನಸ್ಸಿನಲ್ಲಿ.

ಸಾಕುಜೇನು ಕೂಡ ಎಷ್ಟು ನಾಜೂಕಾದುದೆಂಬುದನ್ನು 1991-92ರ ಸುಮಾರಿಗೆ ದಕ್ಷಿಣಭಾರತದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ತೋರಿಸಿತು. ತುಡುವೆಜೇನಿನ ಮರಿಗಳು ಗೂಡಿನಲ್ಲಿಯೇ ಸತ್ತು, ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟು ಬರಿದಾದುವು. ಮನುಷ್ಯನು ಪೆಟ್ಟಿಗೆಯನ್ನು ಕೊಡಬಲ್ಲನು; ಕಾಡಿನಲ್ಲಿ, ಮರದ ಪೊಟರೆಯಲ್ಲಿ, ಹುತ್ತದಲ್ಲಿ ಉಳಿದ ಕಾಡುಜೇನಿನ ಸಂತತಿಯೇ ಆ ಪೆಟ್ಟಿಗೆಗಳನ್ನು ಮತ್ತೆ ತುಂಬಬೇಕು. ಕಾಡಿಲ್ಲದೆ ಪೆಟ್ಟಿಗೆಯೂ ಇಲ್ಲ.

ಸೊರಬದ ಸೀಮೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಅಲ್ಲಿನ ಹಳ್ಳಿಗಳ ಮಗ್ಗುಲಲ್ಲಿ ‘ಕಾನು’ ಎಂದು ಕರೆಯುವ ನಿತ್ಯಹಸುರಿನ ತೋಪುಗಳು ಇದ್ದುವು. ಈಗಲೂ ಕೆಲವು ಇವೆ. ಸುತ್ತಲೂ ಎಲೆಯುದುರುವ ಕಾಡಿದ್ದರೂ ಕಾನಿನೊಳಗೆ ತಂಪು, ನೆರಳು, ನೀರು. ಕಾಳುಮೆಣಸಿನ ಬಳ್ಳಿ ಅಲ್ಲಿ ಮರವನ್ನಪ್ಪಿ ಬೆಳೆಯುತ್ತಿತ್ತು. ಬೈನೆಮರ, ಉಪ್ಪಾಗೆ, ಜೇನು ಅಲ್ಲಿ ದೊರೆಯುತ್ತಿದ್ದುವು. ಹಲವು ಕಾನುಗಳಲ್ಲಿ ಗ್ರಾಮದೇವತೆಯೂ ನೆಲೆಸಿದ್ದಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾಡುಗಳ ಕುರಿತು ವರದಿ ಬರೆದಾಗ ಈ ಕಾನುಗಳನ್ನೇ ವಿಶೇಷವಾಗಿ ಗಮನಿಸಿದರು. ಅವು ಕೊಡಲಿ ಕಾಣದ ಕಾಡುಗಳಾಗಿರಲಿಲ್ಲ. ಊರವರು ಒಳಹೊಕ್ಕು ಮೆಣಸು ಬಿಡಿಸಿ, ಜೇನು ತೆಗೆದು, ಮರವನ್ನು ಉಳಿಸಿಕೊಂಡು ಬಂದ ತಾಣಗಳಾಗಿದ್ದುವು. ಪಡೆದೂ ಉಳಿಸುವ ವಿವೇಕವು ಅಲ್ಲಿ ಬಾಳಿತ್ತು. ಮುಂದೆ ಸಾಗುವಳಿಗಾಗಿ, ಮರಮುಟ್ಟಿಗಾಗಿ ಹಲವು ಕಾನುಗಳು ಕುಗ್ಗಿದುವು. ಮಲೆನಾಡಿನ ಎಷ್ಟೋ ನೆಲದಲ್ಲಿ ಆಸ್ಟ್ರೇಲಿಯಾದ ಅಕೇಶಿಯ ಸಾಲುಸಾಲಾಗಿ ನಿಂತಿತು. ಹಸುರೇನೋ ಇದೆ. ಆದರೆ ಕಾನಿನಲ್ಲಿ ಒಂದಾದಮೇಲೊಂದು ಮರ ಹೂಬಿಟ್ಟು ವರ್ಷವಿಡೀ ಜೇನಿಗೆ ಊಟವಿಕ್ಕುತ್ತಿದ್ದ ಪಂಕ್ತಿಯು ಒಂದೇ ಜಾತಿಯ ಮರಗಳ ಸಾಲಿನಲ್ಲಿ ಎಲ್ಲಿಂದ ಬರಬೇಕು?

ಹೀಗಿರುವಲ್ಲಿ ಮಕ್ಕಳಿಗೆ ಕಲಿಸುವ ಬಗೆ ಯಾವುದು? ಮೊದಲನೆಯದಾಗಿ, ಹೆಸರನ್ನು ಕಲಿಸಬೇಕು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯು ಹತ್ತಿರದ್ದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಹಂಗಿಸಲು ಹುಟ್ಟಿತು; ಶಾಲೆಯು ಆ ಗಾದೆಯನ್ನು ನಿಜಮಾಡಬಾರದು. ಹೆಜ್ಜೇನು, ತುಡುವೆ, ಕೋಲುಜೇನು, ಕುಟುಕಲರಿಯದ ಮಿಸರಿಜೇನು ಎಂಬ ನಾಲ್ಕನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಅಜ್ಜಅಜ್ಜಿಯರು ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಥವರನ್ನು ತಿಂಗಳಿಗೊಮ್ಮೆ ಶಾಲೆಗೆ ಬರಮಾಡಿಕೊಂಡು ಮಕ್ಕಳೆದುರು ಕೂರಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಅಕ್ಷರ ಬಾರದವರೂ ಗುರುಗಳಾಗಬಲ್ಲರೆಂಬುದು ಅನುಭವಮಂಟಪದ ನೀತಿಯೇ ಆಗಿದೆ.

ಎರಡನೆಯದಾಗಿ, ನೋಡುವುದನ್ನು ಕಲಿಸಬೇಕು. ‘ಅತ್ತಿಯ ಹಣ್ಣು ಬಿಚ್ಚಿದರೆ ಬರೀ ಹುಳು’ ಎಂದು ಜನರು ಮೂಗುಮುರಿಯುತ್ತಾರೆ. ಆ ಹಣ್ಣಿನ ಒಳಗೇ ಅತ್ತಿಯ ಹೂಗಳಿರುವುವು. ಸಾಸಿವೆಗಿಂತ ಚಿಕ್ಕದಾದ ಕಣಜವೊಂದು ತುದಿಯ ಸಣ್ಣ ಕಂಡಿಯಿಂದ ಒಳಹೊಕ್ಕು ತತ್ತಿಯಿಟ್ಟು, ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಬಹುಮಟ್ಟಿಗೆ ಅಲ್ಲಿಯೇ ಪ್ರಾಣಬಿಡುತ್ತದೆ. ಆಲ, ಅರಳಿ, ಅತ್ತಿ, ಬಸರಿ—ಬಹುಮಟ್ಟಿಗೆ ಒಂದೊಂದಕ್ಕೂ ತನ್ನದೇ ಆದ ಕಣಜವುಂಟು. ಹುಳುವೆಂದು ಹೇಸಿದ್ದೇ ಆ ಮರದ ಸಂತಾನಕ್ಕೆ ಕಾರಣವೆಂದು ಕಣ್ಣಾರೆ ಕಂಡ ಮಗುವು ಮುಂದೆ ಯಾವುದನ್ನಾದರೂ ಹೀನವೆಂದು ತಳ್ಳುವ ಮೊದಲು ಒಂದು ಗಳಿಗೆ ನಿಲ್ಲುವುದು. ಈ ನಿಲುಗಡೆಯೇ ವಿವೇಕದ ಮೊದಲ ಮೆಟ್ಟಿಲು.

ಮೂರನೆಯದಾಗಿ, ಬಿಡುವುದನ್ನು ಕಲಿಸಬೇಕು. ಇದೇ ಎಲ್ಲಕ್ಕಿಂತ ಕಠಿನವಾದುದು. ವನಮಹೋತ್ಸವದಂದು ಸಸಿ ನೆಡುವುದು ಸುಲಭ, ಅದರಲ್ಲಿ ಸಂಭ್ರಮವಿದೆ. ಅಂಗಳದ ಒಂದು ಮೂಲೆಯನ್ನು ಗುಡಿಸದೆ, ಕೆತ್ತದೆ, ಔಷಧಿ ಹಾಕದೆ ಬಿಡುವುದರಲ್ಲಿ ಯಾವ ಸಂಭ್ರಮವೂ ಇಲ್ಲ. ಅಲ್ಲಿ ತುಂಬೆಯೇಳುತ್ತದೆ, ನೆಲದಲ್ಲಿ ಬಿಲ ಮಾಡುವ ಒಂಟಿಜೇನು ಮನೆಮಾಡುತ್ತದೆ, ಒಣಗಿದ ಕೊಂಬೆಯನ್ನು ದುಂಬಿ ಕೊರೆಯುತ್ತದೆ. ಕೊಯ್ಯುವಾಗ ಗಿಡದಲ್ಲಿ ಹೂವುಳಿಸುವುದು, ಬಿಲ್ವದಲ್ಲಿ ಒಂದು ರೆಂಬೆಯನ್ನುಳಿಸುವುದು, ಬದುವಿನಲ್ಲಿ ಒಂದು ಮಾರನ್ನುಳಿಸುವುದು—ಇವು ನಿತ್ಯವೂ ನಡೆಯಬಹುದಾದ ವ್ರತಗಳು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ತೋಟಿಗ ಗೊಗ್ಗಯ್ಯನನ್ನು ಸಂಧಿಸುವ ಪ್ರಸಂಗವಿದೆ. ಹೊರಗಿನ ತೋಟದಲ್ಲಿ ದುಡಿಯುತ್ತಿದ್ದವನಿಗೆ ಪ್ರಭುಗಳು ಒಳಗಿನ ತೋಟವನ್ನು ತೋರಿಸಿಕೊಟ್ಟರೆಂದು ಹಿರಿಯರು ಅದನ್ನು ವಿವರಿಸುತ್ತಾರೆ. ಒಳಗಿನ ತೋಟವನ್ನು ಮಕ್ಕಳಿಗೆ ತೋರಿಸಬೇಕೆಂದಿರುವವರು ಹೊರಗಿನದನ್ನು ಹಾಳುಗೆಡವಿ ಅಲ್ಲಿಗೆ ಕರೆದೊಯ್ಯಲಾರರು.

ಇವೆಲ್ಲಕ್ಕೂ ಮನ್ನ ಒಂದು ಷರತ್ತಿದೆ. ಶಾಲೆಯಲ್ಲಿ ತುಂಬೆಯನ್ನು ಉಳಿಸಲು ಕಲಿತ ಬಾಲಕನು ಮನೆಗೆ ಬಂದಾಗ ತಂದೆಯ ಹೆಗಲಿನಲ್ಲಿ ಕಳೆನಾಶಕದ ಡಬ್ಬವಿದ್ದರೆ, ಅವನು ಯಾರನ್ನು ನಂಬಬೇಕು? ಉಪಾಧ್ಯಾಯನ ಮಾತು ಪರೀಕ್ಷೆಗೆ, ತಂದೆಯ ನಡತೆ ಬಾಳಿಗೆ ಎಂದು ಆ ಎಳೆಯ ಬುದ್ಧಿಯು ತೀರ್ಮಾನಿಸುವುದು. ನುಡಿಯೊಂದು ನಡೆಯೊಂದಾದಲ್ಲಿ ವಿದ್ಯೆಯೇ ಸುಳ್ಳೆಂದು ಆತನು ಕಲಿತಂತಾಗುವುದು. ಜೇನು ಅಳಿದ ನಷ್ಟಕ್ಕಿಂತ ಇದು ದೊಡ್ಡದು. ಸದ್ಭಕ್ತರಾದ ಗೃಹಸ್ಥರು ಮಕ್ಕಳಿಗೆ ಈ ಪಾಠವಾಗಲೆಂದು ಬಯಸುವ ಮೊದಲು ತಮ್ಮ ಹಿತ್ತಿಲಿನ ಒಂದು ಮೂಲೆಯನ್ನು, ತಮ್ಮ ಗದ್ದೆಯ ಒಂದು ಬದುವನ್ನು ಇದಕ್ಕಾಗಿ ಮೀಸಲಿಡಬೇಕು.

ಬಳ್ಳಿಗಾವೆಯ ಆ ಮಠದಲ್ಲಿ ಇಂದು ಪಾಠಪ್ರವಚನಗಳಿಲ್ಲ, ಕಲ್ಲಿನಲ್ಲಿ ಅಕ್ಷರಗಳಿವೆ. ಸಮಸ್ತ ಜೀವಿಗಳಿಗೆ ಅಭಯವೆಂದು ಆ ಕಾಲದವರು ಕೊರೆಯಿಸಿದುದನ್ನು ಓದಿ ಹೆಮ್ಮೆಪಡುವುದು ಸುಲಭವಾದ ಕೆಲಸ. ಮುಂದಿನ ಮಳೆಗಾಲದಲ್ಲಿ ಬಿಲ್ವ ಚಿಗುರಿದಾಗ ನಿಂಬೆಚಿಟ್ಟೆ ಮತ್ತೆ ಬರುವುದು, ಮರಿಹುಳು ಮತ್ತೆ ಎಲೆಯನ್ನು ಕಡಿಯುವುದು. ತೂತುಬಿದ್ದ ಆ ಪತ್ರೆಯನ್ನು ಕಂಡಾಗ ಭಕ್ತನ ಕೈ ಎತ್ತ ಹೋಗುವುದೆಂಬುದರಲ್ಲಿ ಆ ಅಭಯವು ಉಳಿದಿದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು.